ಸ್ಪಾರ್ಕ್ ಪ್ಲಗ್ ಹೇಳುವ ಗುಟ್ಟು

ಕಾರಿನ ಇಂಜಿನ್ ಟ್ಯೂನ್ ಮಾಡಿಸಿ ರೇಸ್ ಟ್ರ್ಯಾಕಿಗೆ ಇಳಿಯುವ ಹುಚ್ಚು ನಿಮಗುಂಟೇ? ಹಾಗಾದರೆ ಪ್ಲಗ್ ನೋಡಲು ಕಲಿಯಿರಿ. ಡಾಕ್ಟರು ನಾಲಿಗೆ ಚಾಚಿಸಿ ನೋಡುತ್ತಾರಲ್ಲ, ಹಾಗೆ.

ಸಿಗ್ನಲ್‌ಗಳಲ್ಲಿ ನಿಂತು ನಿಂತು ಮನೆಗೆ ಬಂದು ಬಿಚ್ಚಿದ ಪ್ಲಗ್ ಮಾತ್ರ ಸುಳ್ಳು ಹೇಳುತ್ತದೆ. ಐಡ್ಲಿಂಗ್‌ನ ಮಸಿ ಎಲ್ಲವನ್ನೂ ಮುಚ್ಚಿರುತ್ತದೆ. ಟ್ರ್ಯಾಕಿನಲ್ಲೇ ಹೊಸ ಪ್ಲಗ್ ಹಾಕಿ, ಪೂರ್ತಿ ಥ್ರಾಟಲ್‌ನಲ್ಲಿ ಓಡಿಸಿ, ಕ್ಲಚ್ ಒತ್ತಿ ಆ ಕ್ಷಣವೇ ಇಂಜಿನ್ ಆಫ್ ಮಾಡಬೇಕು. (ಕೀಲಿಯನ್ನು ಪೂರ್ತಿ ತಿರುಗಿಸಿಬಿಟ್ಟೀರಿ, ಸ್ಟೀರಿಂಗ್ ಲಾಕ್ ಆದೀತು!) ಇಂಜಿನ್ ತಣ್ಣಗಾದ ಮೇಲೆ ಬಿಚ್ಚಿ.

ಒಣ ಮಸಿ ಕಂಡರೆ ಪೆಟ್ರೋಲ್ ಜಾಸ್ತಿ. ಎಣ್ಣೆ ಜಿಡ್ಡಾದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿರಬಹುದು. ಪಿಂಗಾಣಿಯ ಮೇಲೆ ಗುಳ್ಳೆ ಎದ್ದಿದ್ದರೆ ವಿಪರೀತ ಶಾಖ.

ಹಳೆಯ ಮೆಕ್ಯಾನಿಕ್‌ಗಳು 'ಬಿಸ್ಕತ್ತಿನ ಬಣ್ಣ ಬರಬೇಕು' ಎನ್ನುತ್ತಾರೆ. ಅದು ಸೀಸ ಬೆರೆತ ಪೆಟ್ರೋಲ್ ಕಾಲದ ಲೆಕ್ಕ. 2000ದಲ್ಲಿ ದೇಶವಿಡೀ ಸೀಸರಹಿತ ಪೆಟ್ರೋಲ್ ಬಂದ ಮೇಲೆ ಬಣ್ಣ ಬಲು ತೆಳು. ಆದ್ದರಿಂದ ತುದಿ ಬೆಳ್ಳಗಿದೆ ಎಂದು ಗಾಬರಿಯಾಗಬೇಡಿ. ಭೂತಗನ್ನಡಿ ಹಿಡಿದು, ಪಿಂಗಾಣಿ ಒಳಗೆ ಇಳಿಯುವ ಬುಡದಲ್ಲಿ ಮಸಿಯ ಸಣ್ಣ ಉಂಗುರ ಇದೆಯೇ ನೋಡಿ.

ಅಲ್ಲೇ ಮೆಣಸಿನ ಪುಡಿಯಂಥ ಕಪ್ಪು ಚುಕ್ಕೆಯೋ, ಮಿನುಗುವ ಅಲ್ಯೂಮಿನಿಯಂ ಕಣವೋ ಕಂಡರೆ ಅದು ನಾಕಿಂಗ್. ಆ ಮಿನುಗು ನಿಮ್ಮ ಪಿಸ್ಟನ್ನಿನದೇ. ಟೈಮಿಂಗ್, ಪೆಟ್ರೋಲ್ ಎರಡೂ ಸರಿಯಾಗುವ ತನಕ ಇನ್ನೊಂದು ಸುತ್ತು ಬೇಡ.