ಕಾಣದ ಕಿರಣಕ್ಕೂ ಲೆಕ್ಕ ಉಂಟು

ಕಡೂರು ಬಯಲುಸೀಮೆ. ಮಳೆಯ ಬೆಲೆ ನಮಗೆ ಗೊತ್ತು. ಶೃಂಗೇರಿ ಕಡೆ ಧೋ ಎಂದು ಸುರಿಯುವಾಗ ನಮ್ಮಲ್ಲಿ ಮೋಡ ಮುಖ ತೋರಿಸಿ ಹೋಗುತ್ತೆ. ಕೆಲವು ಸಲ ರಾತ್ರಿ ನಾವು ಮಲಗಿದ್ದಾಗ ಮಳೆ ಬೀಳುತ್ತೆ. ಬೆಳಿಗ್ಗೆ ಒಬ್ಬರು "ಒಳ್ಳೆ ಹದ ಮಳೆ" ಅಂತಾರೆ. ಇನ್ನೊಬ್ಬರು "ಏನಿಲ್ಲ ಬಿಡಿ, ಬರೀ ತುಂತುರು" ಅಂತಾರೆ. ಯಾರ ಮಾತು ನಿಜ? ಮಳೆ ಅಳೆಯುವ ಡಬ್ಬಿ ನೋಡಿದರೆ ಗೊತ್ತಾಗುತ್ತೆ. ಎಷ್ಟು ಮಿಲಿಮೀಟರು ನೀರು ನಿಂತಿದೆಯೋ ಅಷ್ಟೇ ಮಳೆ.

ಈ ಪಾಠ ಮಳೆಯದಲ್ಲ. ಮೈಮೇಲೆ ಬಿದ್ದರೂ ಮೈ ನೆನೆಯದ ಒಂದು ಕಿರಣದ್ದು. ಅದೇ ಎಕ್ಸ್‌ರೇ.

ಹೀಗೆ ಅಂದುಕೊಳ್ಳಿ. ಬೀರೂರು ಹತ್ತಿರದ ಹಳ್ಳಿಯ ಒಬ್ಬ ತಂಗಿ ಕೊಟ್ಟಿಗೆಯಲ್ಲಿ ಜಾರಿ ಬಿದ್ದಳು. ಮಣಿಕಟ್ಟು ಊದಿತು. ಅತ್ತೆ ಬಸ್ಸು ಹತ್ತಿಸಿ ಆಸ್ಪತ್ರೆಗೆ ಕರೆತಂದರು. ಡಾಕ್ಟರು "ಎಕ್ಸ್‌ರೇ ತೆಗೆಸಿಕೊಂಡು ಬನ್ನಿ" ಅಂದರು. ಎಕ್ಸ್‌ರೇ ಕೋಣೆಯ ಬಾಗಿಲ ಮೇಲೆ ಕೆಂಪು ದೀಪ. ಪಕ್ಕದಲ್ಲಿ ಮೂರು ರೆಕ್ಕೆಯ ಫ್ಯಾನಿನಂಥ ಗುರುತು. ಅದರ ಕೆಳಗೆ ಬರಹ. ತಂಗಿ ಅಕ್ಷರ ಕೂಡಿಸಿ ಓದಿದಳು. "ಗರ್ಭಿಣಿಯರು ಮೊದಲೇ ತಿಳಿಸಿ."

ಅವಳಿಗೆ ಮುಟ್ಟು ನಿಂತು ಎರಡು ತಿಂಗಳು. ಅತ್ತೆಗೆ ಇನ್ನೂ ಹೇಳಿಲ್ಲ. ಒಳಗೆ ಎಕ್ಸ್‌ರೇ ತೆಗೆಯುವವನು ಗಂಡಸು. ಹೇಗೆ ಹೇಳುವುದು? ಅವಳ ಕಣ್ಣು ಅವನ ಎದೆಯ ಮೇಲೆ ಸಿಕ್ಕಿಸಿದ್ದ ಪುಟ್ಟ ಬಿಲ್ಲೆಯ ಕಡೆ ಹೋಯಿತು.

"ಏನಣ್ಣಾ ಅದು? ಹೆಸರಿನ ಬಿಲ್ಲೆಯಾ?"

"ಇಲ್ಲ ತಾಯಿ. ಇದು ಲೆಕ್ಕದ ಬಿಲ್ಲೆ."

ಏನು ಲೆಕ್ಕ? ಅದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಎಕ್ಸ್‌ರೇ ಕಿರಣವನ್ನು 1895ರಲ್ಲಿ ಜರ್ಮನಿಯ ರಾಂಟ್ಜೆನ್ ಎಂಬ ವಿಜ್ಞಾನಿ ಕಂಡುಹಿಡಿದರು. ಅವರು ತಮ್ಮ ಹೆಂಡತಿಯ ಕೈಯ ಚಿತ್ರ ತೆಗೆದರು. ಚಿತ್ರದಲ್ಲಿ ಬೆರಳ ಮೂಳೆ ಕಂಡಿತು. ಬೆರಳಲ್ಲಿದ್ದ ಉಂಗುರವೂ ಕಂಡಿತು. ಜಗತ್ತೇ ಬೆರಗಾಯಿತು. ಆದರೆ ಈ ಕಿರಣ ಕೆಡುಕನ್ನೂ ಮಾಡಬಹುದು ಎಂದು ಆಗ ಯಾರಿಗೂ ತಿಳಿದಿರಲಿಲ್ಲ. ಯಂತ್ರ ಸರಿಯಾಗಿದೆಯೇ ಎಂದು ನೋಡಲು ಕೆಲಸಗಾರರು ತಮ್ಮ ಕೈಯನ್ನೇ ಕಿರಣಕ್ಕೆ ಒಡ್ಡುತ್ತಿದ್ದರು. ಅನ್ನ ಬೆಂದಿದೆಯೇ ಎಂದು ನಾವು ಅಗುಳು ಹಿಚುಕಿ ನೋಡುವ ಹಾಗೆ! ಅಮೆರಿಕದಲ್ಲಿ ಕ್ಲಾರೆನ್ಸ್ ಡ್ಯಾಲಿ ಎಂಬ ಕೆಲಸಗಾರನ ಕೈಗಳಲ್ಲಿ ಹುಣ್ಣಾಯಿತು. ಅದು ಕ್ಯಾನ್ಸರಿಗೆ ತಿರುಗಿತು. ಎರಡೂ ತೋಳು ಕತ್ತರಿಸಬೇಕಾಯಿತು. 1904ರಲ್ಲಿ ಅವನು ತೀರಿಕೊಂಡ.

ಬೆಂಕಿ ತಾಗಿದರೆ ಕೈ ತಾನೇ ಹಿಂದಕ್ಕೆ ಬರುತ್ತೆ. ಈ ಕಿರಣ ತಾಗಿದರೆ ಬಿಸಿ ಇಲ್ಲ, ನೋವಿಲ್ಲ, ವಾಸನೆ ಇಲ್ಲ. ಮೈಗೆ ಗೊತ್ತಾಗದ್ದನ್ನು ಅಳತೆಯಿಂದಲೇ ತಿಳಿಯಬೇಕು.

ಆ ಅಳತೆ ಮಾಡುವುದೇ ಬಿಲ್ಲೆ. ಇದಕ್ಕೆ ಟಿ.ಎಲ್.ಡಿ. ಬ್ಯಾಡ್ಜು ಅಂತಾರೆ. ಅದರೊಳಗೆ ಮೂರು ಚಿಕ್ಕ ಬಿಳಿ ಬಿಲ್ಲೆಗಳಿವೆ. ಕಿರಣ ತಾಗಿದಾಗ ಅದರ ಶಕ್ತಿಯಲ್ಲಿ ಸ್ವಲ್ಪ ಅವುಗಳಲ್ಲಿ ಉಳಿಯುತ್ತೆ. ಆಸ್ಪತ್ರೆಗಳಲ್ಲಿ ಮೂರು ತಿಂಗಳಿಗೊಮ್ಮೆ ಬ್ಯಾಡ್ಜನ್ನು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅಲ್ಲಿ ಬಿಲ್ಲೆಗಳನ್ನು ಕಾಯಿಸುತ್ತಾರೆ. ಕಾಯಿಸಿದಾಗ ಅವು ಮಂಕಾಗಿ ಬೆಳಗುತ್ತವೆ. ಹೆಚ್ಚು ಕಿರಣ ತಾಗಿದ್ದರೆ ಹೆಚ್ಚು ಬೆಳಕು, ಕಡಿಮೆ ತಾಗಿದ್ದರೆ ಕಡಿಮೆ ಬೆಳಕು. ಯಂತ್ರ ಆ ಬೆಳಕನ್ನು ಅಳೆದು ಲೆಕ್ಕ ಬರೆಯುತ್ತೆ. ಕಿರಣವಿಲ್ಲದ ಕೋಣೆಯಲ್ಲಿ ಇನ್ನೊಂದು ಬ್ಯಾಡ್ಜನ್ನು ಸುಮ್ಮನೆ ಇಟ್ಟಿರುತ್ತಾರೆ. ಅದನ್ನೂ ಅಳೆದು ಇದರ ಜೊತೆ ಹೋಲಿಸುತ್ತಾರೆ.

ಬ್ಯಾಡ್ಜು ತಾಯಿತ ಅಲ್ಲ. ಅದು ಕಿರಣವನ್ನು ತಡೆಯೋದಿಲ್ಲ. ಮಳೆ ಅಳೆಯುವ ಡಬ್ಬಿ ಮಳೆ ನಿಲ್ಲಿಸುತ್ತಾ? ಹಾಗೇ ಇದು. ತಡೆಯುವುದು ದಪ್ಪ ಗೋಡೆ, ಸೀಸದ ಮರೆ, ಸೀಸದ ಏಪ್ರನ್ನು. ದೂರ ನಿಲ್ಲುವುದೂ ಒಂದು ರಕ್ಷಣೆಯೇ. ಕೆಲವರು ಬ್ಯಾಡ್ಜನ್ನು ಮೇಜಿನ ಖಾನೆಯಲ್ಲಿಟ್ಟು ಕೆಲಸ ಮಾಡುತ್ತಾರೆ. ಆಗ ಅದು ಮೇಜಿನ ಲೆಕ್ಕ ಇಡುತ್ತೆ, ಮನುಷ್ಯನದಲ್ಲ!

ಹಾಲನ್ನು ಲೀಟರಿನಲ್ಲಿ, ರಾಗಿಯನ್ನು ಕಿಲೋದಲ್ಲಿ ಅಳೆಯುತ್ತೇವೆ. ಮೈಗೆ ತಾಗಿದ ಕಿರಣವನ್ನು ಮಿಲಿಸೀವರ್ಟ್‌ನಲ್ಲಿ ಅಳೆಯುತ್ತಾರೆ. ಹೆಸರು ಕಷ್ಟ. ಲೆಕ್ಕ ಸುಲಭವಾಗಲು 1 ಮಿಲಿಸೀವರ್ಟನ್ನು 1 ರೂಪಾಯಿ ಅಂದುಕೊಳ್ಳೋಣ.

ಕೈಯ ಒಂದು ಎಕ್ಸ್‌ರೇಗೆ ಒಂದು ಪೈಸೆಯೂ ಆಗದು. ಎದೆಯ ಎಕ್ಸ್‌ರೇ 10 ಪೈಸೆಯೊಳಗೆ. ಯಾವ ಯಂತ್ರದ ಹತ್ತಿರ ಹೋಗದಿದ್ದರೂ ಮಣ್ಣು, ಕಲ್ಲು, ಗಾಳಿ, ಆಕಾಶ, ಊಟದಿಂದ ಎಲ್ಲರಿಗೂ ಇಂಥ ಕಿರಣ ತಾಗುತ್ತಲೇ ಇರುತ್ತೆ. ಜಗತ್ತಿನಲ್ಲಿ ಒಬ್ಬರಿಗೆ ವರ್ಷಕ್ಕೆ ಸರಾಸರಿ 2 ರೂಪಾಯಿ 40 ಪೈಸೆ. ಹೊಟ್ಟೆಯ ಸಿ.ಟಿ. ಸ್ಕ್ಯಾನು ಮಾತ್ರ ದೊಡ್ಡ ಮೊತ್ತ. ಒಂದೇ ಸಲಕ್ಕೆ ಸುಮಾರು 8ರಿಂದ 10 ರೂಪಾಯಿ.

ಕಿರಣದ ಕೆಲಸ ಮಾಡುವವರಿಗೆ ಸರ್ಕಾರ ಮಿತಿ ಹಾಕಿದೆ. ಇದನ್ನು ನೋಡಿಕೊಳ್ಳಲು ಮುಂಬಯಿಯಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಇದೆ. 1983ರಲ್ಲಿ ಶುರುವಾಯಿತು. ಐದು ವರ್ಷ ಸೇರಿ 100 ರೂಪಾಯಿ ಮೀರಬಾರದು. ಯಾವ ಒಂದು ವರ್ಷದಲ್ಲೂ 30 ದಾಟಬಾರದು. ರೋಗಿಗೆ ಹೀಗೆ ಮಿತಿ ಇಲ್ಲ. ಮೂಳೆ ಮುರಿದಿದ್ದರೆ ನೋಡಲೇಬೇಕು. ಆದರೆ ಬೇಕೋ ಬೇಡವೋ ಎಂದು ಡಾಕ್ಟರು ಪ್ರತಿಸಲ ತೂಗಿ ನೋಡಬೇಕು.

ಕಿರಣ ಬೀರುವ ವಸ್ತು ಹೊಟ್ಟೆಯೊಳಗೇ ಹೋದರೆ? ಎದೆಯ ಬಿಲ್ಲೆಗೆ ಅದು ಸರಿಯಾಗಿ ತಿಳಿಯದು. ಅದಕ್ಕೆ ಬೇರೆ ಅಳತೆ ಇದೆ. ನಮ್ಮ ರಾಜ್ಯದಲ್ಲೇ ಕಾರವಾರದ ಹತ್ತಿರ, ಕಾಳಿ ನದಿಯ ದಡದಲ್ಲಿ ಕೈಗಾ ಎಂಬ ಊರಿದೆ. ಅಲ್ಲಿ ಅಣುಶಕ್ತಿಯಿಂದ ವಿದ್ಯುತ್ ಮಾಡುತ್ತಾರೆ. ಅಲ್ಲಿನ ಕೆಲಸಗಾರರ ಮೂತ್ರವನ್ನು ಆಗಾಗ ಪರೀಕ್ಷೆ ಮಾಡುತ್ತಾರೆ. 2009ರ ನವೆಂಬರಿನಲ್ಲಿ 50ಕ್ಕೂ ಹೆಚ್ಚು ಮಂದಿಯ ಮೂತ್ರದಲ್ಲಿ ಟ್ರೀಷಿಯಂ ಎಂಬ ವಿಕಿರಣ ವಸ್ತು ಹೆಚ್ಚಾಗಿ ಕಂಡಿತು. ಎಲ್ಲಿಂದ ಬಂತು? ಹುಡುಕಿದರು. ಕುಡಿಯುವ ನೀರಿನ ಒಂದು ಕೂಲರಿಗೆ ಯಾರೋ ಸ್ಥಾವರದ ಭಾರಜಲ ಬೆರೆಸಿದ್ದರು. ಕುಡಿದವರಿಗೆ ರುಚಿಯಲ್ಲಿ ಏನೂ ತಿಳಿದಿರಲಿಲ್ಲ. ಪರೀಕ್ಷೆ ಇಲ್ಲದಿದ್ದರೆ ಇನ್ನೂ ಎಷ್ಟು ದಿನ ಕುಡಿಯುತ್ತಿದ್ದರೋ! ಕೈಗಾ ಸುತ್ತಲಿನ ನೀರು, ಹಾಲು, ಮೀನನ್ನೂ ಅಳೆದು ನೋಡುವ ಪ್ರಯೋಗಾಲಯ ಅಲ್ಲಿದೆ.

ಈಗ ನಮ್ಮ ವಿಷಯಕ್ಕೆ ಬರೋಣ. ಎಕ್ಸ್‌ರೇ ತೆಗೆಯುವವನಿಗೆ ಬಿಲ್ಲೆ ಇದೆ. ತೆಗೆಸಿಕೊಳ್ಳುವ ನಮಗೆ ಇಲ್ಲ. ನಮ್ಮ ಲೆಕ್ಕ ಇರುವುದು ಹಳೆಯ ಫಿಲ್ಮು ಮತ್ತು ಚೀಟಿಯಲ್ಲಿ. ಅದನ್ನು ಅಟ್ಟಕ್ಕೆ ಎಸೆಯಬೇಡಿ. ರೇಷನ್ ಕಾರ್ಡಿನ ಜೊತೆ ಇಡಿ. ಬೇರೆ ಊರಿನ ಡಾಕ್ಟರ ಹತ್ತಿರ ಹೋಗುವಾಗ ತೆಗೆದುಕೊಂಡು ಹೋಗಿ. ಹಳೆಯದು ಸಾಕಾದರೆ ಹೊಸದು ತೆಗೆಸುವ ಖರ್ಚೂ ಉಳಿಯುತ್ತೆ. ಮಗುವಿಗೆ ಎಕ್ಸ್‌ರೇ ತೆಗೆಯುವಾಗ ಯಾರಾದರೂ ಹಿಡಿದುಕೊಳ್ಳಬೇಕಾದರೆ ಬಸುರಿಯರು ಹಿಡಿಯಬಾರದು. ಹಿಡಿಯುವವರು ಸೀಸದ ಏಪ್ರನ್ನು ಕೇಳಿ ಹಾಕಿಕೊಳ್ಳಬೇಕು. ಉಳಿದವರು ಬಾಗಿಲ ಹೊರಗೆ ನಿಲ್ಲಬೇಕು.

ಬಸುರಿಯರಿಗೆ ಮಾಡುವ ಸ್ಕ್ಯಾನಿಂಗ್ ಬೇರೆ. ಅದರಲ್ಲಿ ಎಕ್ಸ್‌ರೇ ಇಲ್ಲ, ನಮ್ಮ ಕಿವಿಗೆ ಕೇಳದ ಶಬ್ದ ಇದೆ. ಅದಕ್ಕೆ ಹೆದರಬೇಡಿ. ಬಸುರಿ ಎಂದು ತಿಳಿಯುವ ಮೊದಲೇ ಎದೆಯದೋ ಕೈಯದೋ ಎಕ್ಸ್‌ರೇ ತೆಗೆಸಿಬಿಟ್ಟಿರಾ? ಮಗುವಿಗೆ ತಾಗಿರುವುದು ತೀರಾ ಅತ್ಯಲ್ಪ. ಆ ಹೆದರಿಕೆಗೆ ಗರ್ಭ ತೆಗೆಸಬೇಕಾಗಿಲ್ಲ. ಹೊಟ್ಟೆ, ಸೊಂಟದ ಎಕ್ಸ್‌ರೇ ಅಥವಾ ಸಿ.ಟಿ. ಆಗಿದ್ದರೆ ಡಾಕ್ಟರಿಗೆ ಹೇಳಿ. ಎಷ್ಟು ತಾಗಿದೆ ಎಂದು ಲೆಕ್ಕ ಹಾಕಲು ಬರುತ್ತೆ.

ಕೊಟ್ಟಿಗೆಯಲ್ಲಿ ಬಿದ್ದ ತಂಗಿ ಏನು ಮಾಡಿದಳು? ಧೈರ್ಯ ತಂದುಕೊಂಡು ಹೇಳಿದಳು.

"ಅಣ್ಣಾ, ನನಗೆ ಎರಡು ತಿಂಗಳು."

"ಹೇಳಿದ್ದು ಒಳ್ಳೇದಾಯ್ತು ತಾಯಿ. ಕೈ ತಾನೇ, ತೊಂದರೆ ಇಲ್ಲ" ಅಂದ ಅವನು. ಹೊಟ್ಟೆ ಯಂತ್ರದಿಂದ ದೂರ ಇರುವ ಹಾಗೆ ಅವಳನ್ನು ಪಕ್ಕಕ್ಕೆ ಕೂರಿಸಿದ. ಮಡಿಲ ಮೇಲೆ ಭಾರದ ಏಪ್ರನ್ನು ಹೊದಿಸಿದ. ಕ್ಷಣದಲ್ಲಿ ಕೆಲಸ ಮುಗಿಯಿತು.

ಅತ್ತೆ ಬಾಗಿಲ ಹೊರಗೇ ಇದ್ದರು. ಅವರಿಗೆ ಎಲ್ಲ ಕೇಳಿಸಿತ್ತು.

"ಮೊದಲೇ ನನಗೆ ಹೇಳಬಾರದಿತ್ತೇನೇ? ಕೊಟ್ಟಿಗೆ ಕಸ ನಾನೇ ಬಳೀತಿದ್ದೆ" ಅಂದರು.