ಒಂದು ಹೆಸರು, ಎರಡು ಮರ: ದೇವದಾರುವಿನ ವಿಚಾರ

ಬಳ್ಳಾರಿಯ ಪೇಟೆಯಲ್ಲಿ ಗ್ರಂಧಿಗೆಯ ಅಂಗಡಿಯವನನ್ನು ದೇವದಾರು ಬೇಕೆಂದು ಕೇಳಿದರೆ ಆತನು ನಾಲ್ಕು ಮರದ ಚೂರುಗಳನ್ನು ಪೊಟ್ಟಣ ಕಟ್ಟಿಕೊಡುವನು. ಮೂಸಿ ನೋಡಿದರೆ ಪರಿಮಳವುಂಟು. ಆದರೆ ಆ ಚೂರು ಯಾವ ಮರದ್ದು? ಈ ಪ್ರಶ್ನೆ ಅಲ್ಪವೆಂದು ತೋರಬಹುದು. ಆದರೆ ನಮ್ಮ ದೇಶದಲ್ಲಿ ಈ ಒಂದೇ ಹೆಸರಿಗೆ ಓಗೊಡುವ ಮರಗಳು ಒಂದಕ್ಕಿಂತ ಹೆಚ್ಚು. ಅವುಗಳಿಗೆ ಪರಸ್ಪರ ಬಾಂಧವ್ಯವೇ ಇಲ್ಲ. ಕಷಾಯಕ್ಕಾಗಲಿ, ಧೂಪಕ್ಕಾಗಲಿ, ಒಂದರ ಬದಲು ಮತ್ತೊಂದನ್ನು ಕೊಂಡವನಿಗೆ ಹಣವೂ ಹೋಯಿತು, ಗುಣವೂ ಹೋಯಿತು. ಆದುದರಿಂದ ಇವುಗಳನ್ನು ಬೇರೆ ಬೇರೆಯಾಗಿ ಅರಿತುಕೊಳ್ಳುವುದು ಲೇಸು.

ಮೊದಲನೆಯದು ಹಿಮಾಲಯದ ದೇವದಾರು. ಸಸ್ಯಶಾಸ್ತ್ರಜ್ಞರು ಇದನ್ನು ಸೀಡ್ರಸ್ ದೇವದಾರ ಎನ್ನುತ್ತಾರೆ. ಕಾಶ್ಮೀರ, ಹಿಮಾಚಲ, ಗಢವಾಲಗಳ ಪರ್ವತಗಳಲ್ಲಿ, ಸುಮಾರು 1500ರಿಂದ 3200 ಮೀಟರು ಎತ್ತರದಲ್ಲಿ ಇದು ಬೆಳೆಯುವುದು. ನಮ್ಮ ಬಳ್ಳಾರಿಯಾದರೋ 500 ಮೀಟರನ್ನೂ ಮುಟ್ಟದು. ಇಲ್ಲಿಯ ಬಿಸಿಲು ಆ ಮರಕ್ಕೆ ಸಲ್ಲದು. ಸೂಜಿಯಂತಹ ಎಲೆ, ನೆಟ್ಟಗೆ ನಿಲ್ಲುವ ಕಾಯಿ, 50 ಮೀಟರಿನಷ್ಟು ಏರಬಲ್ಲ ಕಾಂಡ, ಇವು ಇದರ ಲಕ್ಷಣಗಳು. ಕಾಳಿದಾಸನ ರಘುವಂಶದ ಎರಡನೆಯ ಸರ್ಗದಲ್ಲಿ ಪಾರ್ವತಿಯು ಮಗನಂತೆ ಸಾಕಿದ ಮರವು ಇದೇ.

ಇದರ ಕೇಗಿನ ಚೂರುಗಳ ಮೂಲಕ ನೀರಾವಿಯನ್ನು ಹಾಯಿಸಿದರೆ ಪರಿಮಳದ ತೈಲವು ಆವಿಯೊಡನೆ ಹೊರಟು, ತಣಿದಾಗ ನೀರಿನಿಂದ ಬೇರೆಯಾಗುವುದು. ಪರ್ವತದ ರೈತರು ಈ ತೈಲವನ್ನು ದನಗಳ ಚರ್ಮರೋಗಕ್ಕೆ ಸವರುವ ವಾಡಿಕೆಯುಂಟು. ಸಿರುಗುಪ್ಪದ ಕಡೆಯ ಒಕ್ಕಲಿಗರಿಗೆ ಪರಿಚಿತವಾದ ಬೇವು, ಹೊಂಗೆಗಳ ಎಣ್ಣೆಯಂತೆಯೇ ಎನ್ನಬಹುದು. ಆದರೆ ಸುಗಂಧದವರಿಗೆ ಇದರಿಂದ ಆಗುವ ಉಪಯೋಗವೇ ಬೇರೆ.

ಹಡಗಲಿಯ ಮಲ್ಲಿಗೆಯನ್ನು ಸಂಜೆ ಮುಡಿದವರು ಬೆಳಗಾಗುವಾಗ ಕಂಪು ಕುಂದಿರುವುದನ್ನು ಬಲ್ಲರು. ಕಂಪಿನ ಹಗುರವಾದ ಅಣುಗಳು ಬೇಗನೆ ಗಾಳಿಯಲ್ಲಿ ಹಾರಿಹೋಗುವುದೇ ಅದಕ್ಕೆ ಒಂದು ಕಾರಣ. ದೇವದಾರುವಿನ ತೈಲದಲ್ಲಿ ಬಹುಭಾಗವು 15 ಇಂಗಾಲದ ಪರಮಾಣುಗಳುಳ್ಳ ಭಾರವಾದ ಅಣುಗಳು. ಹಿಮಾಚಲದ ಹೆಸರಿನಿಂದಲೇ ಇವುಗಳಿಗೆ ಹಿಮಾಚಲೀನ್ ಎಂಬ ನಾಮಕರಣವಾಯಿತು. ಪುಣೆಯ ರಾಷ್ಟ್ರೀಯ ರಸಾಯನ ಪ್ರಯೋಗಾಲಯದಲ್ಲಿ ಸುಖದೇವ್ ಅವರೂ ಅವರ ಸಹೋದ್ಯೋಗಿಗಳೂ ಇವುಗಳ ರಚನೆಯನ್ನು ಶೋಧಿಸಿದರು. ಇವು ನಿಧಾನವಾಗಿ ಆವಿಯಾಗುತ್ತವೆ. ತಮ್ಮೊಡನೆ ಬೆರೆತ ಹಗುರವಾದ ಕಂಪುಗಳನ್ನೂ ಬೇಗ ಹೋಗಗೊಡುವುದಿಲ್ಲ. ಹೀಗೆ ದೇವದಾರು ಸುಗಂಧಕ್ಕೆ ತಳಪಾಯವಾಗುವುದು. ಸಾಬೂನಿಗೂ ಊದುಬತ್ತಿಗೂ ಇದು ಸಲ್ಲುವುದು. ಆದರೆ ಸೀಸೆಯ ಮೇಲೆ ಸೀಡರ್ ಎಂಬ ಮಾತು ಕಂಡ ಮಾತ್ರಕ್ಕೆ ನಂಬಲಾಗದು; ಅಮೆರಿಕದ ವರ್ಜೀನಿಯ, ಟೆಕ್ಸಾಸ್‌ಗಳಿಂದ ಅದೇ ಹೆಸರಿನಲ್ಲಿ ಬರುವ ತೈಲಗಳು ಜೂನಿಪರ್ ಜಾತಿಯ ಮರಗಳವು.

ಎರಡನೆಯದು ನಮ್ಮ ಒಣನಾಡಿನ ದೇವದಾರಿ, ಎರಿಥ್ರಾಕ್ಸಿಲಮ್ ಮಾನೊಗೈನಮ್. ಇದು ಕೋಕಾ ಗಿಡದ ಕುಲಕ್ಕೆ ಸೇರಿದ ಸಣ್ಣ ಮರ. ದಖ್ಖಣದ ಕಲ್ಲುಬೆಟ್ಟಗಳ ಕುರುಚಲು ಕಾಡು ಇದರ ನೆಲೆ. ಕುರುಗೋಡಿನ ಬೆಟ್ಟಗಳನ್ನು ಕಂಡವರಿಗೆ ಅಂತಹ ನೆಲದ ಪರಿಚಯವುಂಟು. ಇದರ ಕೇಗೂ ಕಂಪುಳ್ಳದ್ದು. ಅದಕ್ಕಾಗಿಯೇ ಇದನ್ನು ಹುಸಿಗಂಧವೆಂದು ಹೇಳಿ, ಶ್ರೀಗಂಧದ ಸ್ಥಾನದಲ್ಲಿ ಬಳಸಿದ್ದುಂಟು. ಆದರೂ ಈ ಮರವನ್ನು ಹೀಗಳೆಯುವುದು ಸಲ್ಲ. 1876-78ರ ಧಾತು-ಈಶ್ವರ ಸಂವತ್ಸರಗಳ ಕ್ಷಾಮದಲ್ಲಿ ಮದ್ರಾಸ್ ಆಧಿಪತ್ಯದ ಬಡವರು ಇದರ ಎಲೆಯನ್ನು ತಿಂದು ಜೀವ ಹಿಡಿದರು. ಬಳ್ಳಾರಿ ಸೀಮೆಯು ಆಗ ಆ ಆಧಿಪತ್ಯಕ್ಕೆ ಸೇರಿ, ಕ್ಷಾಮದ ಕಠಿಣವಾದ ಪೆಟ್ಟನ್ನು ತಿಂದ ಜಿಲ್ಲೆಗಳಲ್ಲೊಂದಾಗಿತ್ತು.

ಹಾಗಾದರೆ ಪೊಟ್ಟಣದ ಚೂರನ್ನು ಪರೀಕ್ಷಿಸುವ ಬಗೆ ಹೇಗೆ? ಮೂಗೊಂದನ್ನೇ ನಂಬಬಾರದು. ಹರಿತವಾದ ಚಾಕುವಿನಿಂದ ಚೂರಿನ ಅಡ್ಡತುದಿಯನ್ನು ನಯವಾಗಿ ಸೀಳಿ, ಭೂತಗನ್ನಡಿಯಿಂದ ನೋಡಬೇಕು. ಸೂಜಿಯೆಲೆಯ ಮರಗಳಲ್ಲಿ ನೀರನ್ನೊಯ್ಯುವ ದೊಡ್ಡ ನಾಳಗಳಿಲ್ಲ. ಆದುದರಿಂದ ರಂಧ್ರಗಳು ಕಾಣವು, ಚಳಿಗಾಲ ಬೇಸಗೆಗಳು ಬರೆದ ವರ್ಷದ ಉಂಗುರಗಳು ಕಾಣುವುವು. ದೇವದಾರಿಯ ಚೂರಿನಲ್ಲಿ ಸೂಕ್ಷ್ಮವಾದ ರಂಧ್ರಗಳು ಕಂಡುಬರುವುವು. ಅದರ ಕೇಗು ಕಡುಗಂದು, ಬಲು ಗಟ್ಟಿ. ಹಿಮಾಲಯದ್ದು ಹಳದಿ ಬೆರೆತ ತಿಳಿಗಂದು, ಚಾಕುವಿಗೆ ಸುಲಭ.

ದೇವರ ಮರವೆಂಬ ಅರ್ಥವುಳ್ಳ ಈ ಹೆಸರನ್ನು ಬಂಗಾಳದವರು ಮತ್ತೂ ಒಂದು ಮರಕ್ಕೆ, ನಾವು ಅಶೋಕವೆಂದು ಬೀದಿಯ ಬದಿಯಲ್ಲಿ ನೆಡುವ ನೀಳವಾದ ಮರಕ್ಕೆ, ಇಟ್ಟಿದ್ದಾರೆ. ಪ್ರಿಯವಾದ ಮರವನ್ನು ಜನರು ದೇವರದೆನ್ನುವುದು ಸಹಜವೇ ಸರಿ. ಹೆಸರು ಕೊಡುವವರಿಗೆ ಭಕ್ತಿ ಸಾಕು. ಕೊಳ್ಳುವವರಿಗೆ ಭಕ್ತಿಯ ಜೊತೆಗೆ ಒಂದು ಭೂತಗನ್ನಡಿಯೂ ಇರಲಿ.