ಹಿಗ್ಗದ ನಾರಿನ ಕೈಚೀಲ

ಹತ್ತಿಯ ದಾರವನ್ನು ಎರಡೂ ಕೈಯಲ್ಲಿ ಹಿಡಿದು ಎಳೆದರೆ ತುಂಡಾಗುವ ಮುನ್ನ ತುಸು ಹಿಗ್ಗುತ್ತದೆ. ಹತ್ತಿಯ ನಾರು ತನ್ನ ಉದ್ದದ ನೂರಕ್ಕೆ ಆರೇಳು ಪಾಲು ಹಿಗ್ಗಿ ಆಮೇಲೆ ಹರಿಯುವಂಥದ್ದು. ಲಿನಿನ್ ಹಾಗಲ್ಲ. ನೂರಕ್ಕೆ ಎರಡು-ಮೂರು ಪಾಲು ಹಿಗ್ಗುವಷ್ಟರಲ್ಲಿ ಅದರ ನಾರು ಹರಿದೇ ಹೋಗುತ್ತದೆ. ಆದರೆ ಅಷ್ಟು ಹಿಗ್ಗಿಸಲು ಹತ್ತಿಗೆ ಬೇಕಾಗುವುದಕ್ಕಿಂತ ಹೆಚ್ಚು ಬಲ ಹಾಕಬೇಕು. ಭಾರ ಹೊರುವ ಚೀಲಕ್ಕೆ ಇದಕ್ಕಿಂತ ಒಳ್ಳೆಯ ಗುಣ ಬೇಕಿಲ್ಲ. ಪುಸ್ತಕ ತುಂಬಿದರೂ ಚೀಲ ಜೋತುಬೀಳುವುದಿಲ್ಲ. ಅದೇ ಗುಣ ಮಗ್ಗದ ಮುಂದೆ ಕುಳಿತವರನ್ನು ಬಹಳ ಕಾಡುತ್ತದೆ. ಒಂದು ಲಿನಿನ್ ಕೈಚೀಲಕ್ಕೆ ಬಟ್ಟೆ ನೇಯ್ದು ಹೊಲಿಯುವಾಗ ಎಳೆಗಳನ್ನು ಎಷ್ಟು ಒತ್ತಾಗಿ ಇಡಬೇಕು, ಯಾವ ನೇಯ್ಗೆ ಆರಿಸಬೇಕು, ಎಲ್ಲಿ ನೀರು ಚಿಮುಕಿಸಬೇಕು, ಹಿಡಿಕೆಯನ್ನು ಯಾವ ದಿಕ್ಕಿಗೆ ಕತ್ತರಿಸಬೇಕು ಎಂಬ ಪ್ರತಿ ತೀರ್ಮಾನವೂ ಈ ಹಿಗ್ಗದ ಸ್ವಭಾವಕ್ಕೇ ಹೋಗಿ ಮುಟ್ಟುತ್ತದೆ.

ಲಿನಿನ್ ಬರುವುದು ಅಗಸೆ ಗಿಡದ ಕಾಂಡದಿಂದ. ನಮಗೆ ಅಗಸೆ ಎಂದರೆ ಬೀಜ. ಉತ್ತರ ಕರ್ನಾಟಕದ ಊಟದಲ್ಲಿ ಜೋಳದ ರೊಟ್ಟಿಯ ಪಕ್ಕಕ್ಕೆ ಬೀಳುವ ಅಗಸಿ ಹಿಂಡಿಯೂ, ಪ್ಯಾರಿಸ್ಸಿನ ಅಂಗಡಿಯ ಲಿನಿನ್ ಅಂಗಿಯೂ ಒಂದೇ ಜಾತಿಯ ಗಿಡದ ಕೊಡುಗೆ. ತಳಿಗಳು ಮಾತ್ರ ಬೇರೆ. ಎಣ್ಣೆಬೀಜದ ಅಗಸೆ ಗಿಡ್ಡ, ಮೈತುಂಬ ಕವಲು, ಕವಲಿನ ತುದಿಗೆಲ್ಲ ಕಾಯಿ. ನಾರಿನ ಅಗಸೆಯನ್ನು ಒತ್ತೊತ್ತಾಗಿ ಬಿತ್ತುತ್ತಾರೆ. ಅಕ್ಕಪಕ್ಕಕ್ಕೆ ಜಾಗವಿಲ್ಲದೆ ಅದು ಕವಲೊಡೆಯದೆ ಮೀಟರಿನಷ್ಟು ನೆಟ್ಟಗೆ ಬೆಳೆಯುತ್ತದೆ. ಕವಲು ಕಡಿಮೆಯಾದಷ್ಟೂ ಉದ್ದನೆಯ ನಾರು. ಫ್ರಾನ್ಸಿನ ಕಾನ್‌ನಿಂದ ಬೆಲ್ಜಿಯಂ ದಾಟಿ ನೆದರ್ಲೆಂಡ್ಸಿನ ಆಮ್‌ಸ್ಟರ್‌ಡ್ಯಾಮ್‌ವರೆಗಿನ ಕಡಲಂಚಿನ ಪಟ್ಟಿ ಇದರ ತವರು. ಅಲ್ಲಿ ಮಾರ್ಚ್–ಏಪ್ರಿಲ್‌ನಲ್ಲಿ ಬಿತ್ತಿ, ಸುಮಾರು 100 ದಿನಕ್ಕೆ ಬೇರುಸಹಿತ ಕಿತ್ತು, ಹೊಲದಲ್ಲೇ ಹಾಸುತ್ತಾರೆ. ಕೊಯ್ದರೆ ಬುಡದ ನಾರು ನಷ್ಟ, ಅದಕ್ಕೇ ಕೀಳುವುದು.

ಹಾಸಿದ ಗಿಡದ ಮೇಲೆ ಇಬ್ಬನಿ, ಮಳೆ, ಬಿಸಿಲು ಸರದಿಯಂತೆ ಬೀಳುತ್ತವೆ. ಶಿಲೀಂಧ್ರಗಳು ಕಾಂಡಕ್ಕೆ ಹತ್ತಿ, ನಾರನ್ನು ಕಟ್ಟಿಗೆಗೆ ಅಂಟಿಸಿರುವ ಪೆಕ್ಟಿನ್ ಎಂಬ ಅಂಟನ್ನು ತಿನ್ನುತ್ತವೆ. ನಮ್ಮಲ್ಲಿ ಪುಂಡಿಯ ಕಾಂಡವನ್ನು ನೀರಿನಲ್ಲಿ ಕೊಳೆಸಿ ನಾರು ಸುಲಿದು ಹಗ್ಗ ಹೊಸೆಯುವ ವಿಜ್ಞಾನವೂ ಇದೇ. ಕೊಳೆಯುವುದು ಕಡಿಮೆಯಾದರೆ ನಾರು ಬಿಡುವುದಿಲ್ಲ. ಹೆಚ್ಚಾದರೆ ಶಿಲೀಂಧ್ರ ನಾರಿಗೇ ಬಾಯಿ ಹಾಕುತ್ತದೆ. ಯಾವತ್ತು ನಿಲ್ಲಿಸಬೇಕೆಂದು ಹೇಳಬಲ್ಲ ರೈತನ ಅನುಭವದ ಮೇಲೆ ಇಡೀ ಬೆಳೆಯ ಬೆಲೆ ನಿಂತಿರುತ್ತದೆ. ಲಿನಿನ್ ಉದ್ಯಮದಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸುವ ಘಟ್ಟ ಇದು. ಆಮೇಲಿನದು ಕಾಂಡ ಮುರಿದು, ಬಡಿದು, ಮುಳ್ಳಿನ ಬಾಚಣಿಗೆಯಲ್ಲಿ ಬಾಚುವ ಕೆಲಸ. ಬಾಚಿದಾಗ ಉದ್ದ ನಾರು ಕೈಯಲ್ಲಿ ಉಳಿಯುತ್ತದೆ, ಗಿಡ್ಡ ನಾರು ಬಾಚಣಿಗೆಯಲ್ಲಿ.

ಈ ನಾರು ಯಾಕೆ ಹಿಗ್ಗುವುದಿಲ್ಲ? ಸೂಕ್ಷ್ಮದರ್ಶಕದಡಿ ಅಗಸೆಯ ಒಂದೊಂದು ನಾರೂ ಒಂದು ಸಸ್ಯಕೋಶ: ಮೂರು ಸೆಂಟಿಮೀಟರಿನ ಆಸುಪಾಸು ಉದ್ದ, ಒಂದು ಮಿಲಿಮೀಟರಿನ ಐವತ್ತರಲ್ಲೊಂದು ಪಾಲಿನಷ್ಟು ದಪ್ಪ. ಅದರ ದಪ್ಪ ಗೋಡೆಯಲ್ಲಿ ಸೆಲ್ಯುಲೋಸ್ ಎಳೆಗಳು ನಾರಿನ ಉದ್ದಕ್ಕೆ ಬಹುತೇಕ ಸಮಾನಾಂತರವಾಗಿ ಮಲಗಿವೆ. ಓರೆ ಇದ್ದರೂ ಹತ್ತು ಡಿಗ್ರಿಯೊಳಗೆ. ಹತ್ತಿಯಲ್ಲಿ ಅವೇ ಎಳೆಗಳು ಇನ್ನೂ ಹೆಚ್ಚು ಓರೆಯಾಗಿ ಸುರುಳಿ ಸುತ್ತಿಕೊಂಡಿವೆ. ಸುರುಳಿಯನ್ನು ಎಳೆದರೆ ಮೊದಲು ಅದು ನೆಟ್ಟಗಾಗುತ್ತದೆ, ಅದೇ ಹತ್ತಿಯ ಹಿಗ್ಗು. ಅಗಸೆಯಲ್ಲಿ ನೆಟ್ಟಗಾಗಲು ಉಳಿದಿರುವುದೇ ಅಲ್ಪ. ಎಳೆದ ಬಲ ನೇರವಾಗಿ ಸೆಲ್ಯುಲೋಸಿನ ಬಂಧಗಳ ಮೇಲೇ ಬೀಳುತ್ತದೆ, ಆ ಬಂಧಗಳೋ ಬಲು ಗಟ್ಟಿ. ಅಗಸೆ ನಾರಿನ ಕಟ್ಟು ತೆಂಗಿನ ಕಡ್ಡಿಯ ಪೊರಕೆಯಂತೆ: ಉದ್ದಕ್ಕೆ ಎಳೆದರೆ ಜಗ್ಗುವುದಿಲ್ಲ, ಆದರೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಗ್ಗಿಸಿದರೆ ಕಡ್ಡಿ ಮುರಿಯುತ್ತದೆ.

ಹೀಗೆ ನೆಟ್ಟಗಿರುವ, ಪರಸ್ಪರ ಪೆಕ್ಟಿನ್‌ನಿಂದ ಅಂಟಿಕೊಂಡಿರುವ ನಾರನ್ನು ಯಂತ್ರದಲ್ಲಿ ನೂಲುವುದು ಸುಲಭವಿರಲಿಲ್ಲ. 1810ರಲ್ಲಿ ನೆಪೋಲಿಯನ್ ಅಗಸೆ ನೂಲುವ ಯಂತ್ರಕ್ಕೆ ಹತ್ತು ಲಕ್ಷ ಫ್ರಾಂಕ್ ಬಹುಮಾನ ಘೋಷಿಸಿದ. ಫಿಲಿಪ್ ದ ಜಿರಾರ್ ಅಂಥ ಯಂತ್ರಕ್ಕೆ ಪೇಟೆಂಟ್ ಪಡೆದನಾದರೂ ಹಣ ಅವನ ಕೈಗೆ ಬರಲಿಲ್ಲ. 1825ರಲ್ಲಿ ಇಂಗ್ಲೆಂಡಿನ ಪ್ರೆಸ್ಟನ್ನಿನ ಜೇಮ್ಸ್ ಕೇ ನಾರನ್ನು ನೀರಿನಲ್ಲಿ ಚೆನ್ನಾಗಿ ನೆನೆಸಿ ನೂಲುವ ವಿಧಾನ ತಂದ. ಪೆಕ್ಟಿನ್ ಮೆತ್ತಗಾದಾಗ ಕೋಶಗಳು ಒಂದರ ಪಕ್ಕ ಒಂದು ಜಾರಿ, ಸಣ್ಣ ನುಣುಪು ನೂಲು ಬರುತ್ತದೆ. ಇಂದಿಗೂ ಚೀಲದ ಹಾಸಿಗೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ಎಳೆಗಳಿಗೆ, ಹೀಗೆ ಒದ್ದೆಯಲ್ಲಿ ನೂತ, ಉದ್ದ ನಾರಿನ ದಾರವನ್ನೇ ಆರಿಸಬೇಕು. ಬಾಚಣಿಗೆಯಲ್ಲಿ ಉಳಿದ ಗಿಡ್ಡ ನಾರಿನ ಒರಟು ನೂಲು ಅಡ್ಡಕ್ಕೆ ಹಾಯುವ ಹೊಕ್ಕಿಗೆ ಚೆಲುವಾಗಿ ಒಪ್ಪೀತು. ಹಾಸಿಗೆ ಬಳಸಿದರೆ ಎಳೆಗಳನ್ನು ಬಿಡಿಸಿ ಹಿಡಿಯುವ ಹಣಿಗೆಯ ಉಜ್ಜಾಟಕ್ಕೆ ಬಿಚ್ಚಿಕೊಳ್ಳುತ್ತದೆ.

ನೂಲಿನ ಉಂಡೆಯ ಮೇಲೆ 16/2 ಎಂದು ಬರೆದಿದ್ದರೆ ಅದರ ಲೆಕ್ಕ ಹೀಗೆ. ಲಿನಿನ್‌ನಲ್ಲಿ ಒಂದು ಪೌಂಡ್ ನೂಲು 300 ಗಜ ಬಂದರೆ ಅದು 1ನೇ ನಂಬರ್. 16ನೇ ನಂಬರಿನ ಎಳೆ ಪೌಂಡಿಗೆ 4,800 ಗಜ. ಅಂಥ ಎರಡನ್ನು ಸೇರಿಸಿ ಹುರಿಮಾಡಿದರೆ 2,400 ಗಜ. ಕಿಲೋಗೆ ಸುಮಾರು 4,840 ಮೀಟರ್. ನಂಬರ್ ಏರಿದಷ್ಟೂ ನೂಲು ಸಣ್ಣ.

ಇಂಚಿಗೆ ಎಷ್ಟು ಎಳೆ? ಚೀಲದ ಗುಣ ನಿರ್ಧಾರವಾಗುವುದು ಇಲ್ಲಿ. 19ನೇ ಶತಮಾನದ ಕೊನೆಯ ಭಾಗದಲ್ಲಿ ಬ್ರಾಡ್‌ಫರ್ಡ್‌ನಲ್ಲಿ ನೇಯ್ಗೆ ಕಲಿಸುತ್ತಿದ್ದ ಥಾಮಸ್ ಆಶೆನ್‌ಹರ್ಸ್ಟ್ ಇದನ್ನು ಲೆಕ್ಕಕ್ಕೆ ಇಳಿಸಿದರು. ಪೌಂಡಿಗೆ ಎಷ್ಟು ಗಜವೋ ಅದರ ವರ್ಗಮೂಲ ತೆಗೆದು 0.9ರಿಂದ ಗುಣಿಸಿದರೆ, ಒಂದು ಇಂಚಿನಲ್ಲಿ ಪಕ್ಕಪಕ್ಕ ಎಷ್ಟು ಎಳೆ ಹಿಡಿಯುತ್ತವೆ ಎಂಬ ಅಂದಾಜು ಸಿಗುತ್ತದೆ. 2,400ರ ವರ್ಗಮೂಲ 49, ಉತ್ತರ 44. ನಂಬಿಕೆ ಬಾರದಿದ್ದರೆ ಒಂದು ಅಡಿಪಟ್ಟಿಗೆ ನೂಲನ್ನು ಒತ್ತಾಗಿ ಸುತ್ತಿ, ಒಂದು ಇಂಚಿನೊಳಗಿನ ಸುತ್ತು ಎಣಿಸಬಹುದು. ಆದರೆ ಬಟ್ಟೆಯಲ್ಲಿ 44 ಹಾಸು ಎಳೆ ಹಿಡಿಯುವುದಿಲ್ಲ, ಯಾಕೆಂದರೆ ನಡುವೆ ಹೊಕ್ಕಿನ ಎಳೆ ನುಸುಳಬೇಕು. ಸಾದಾ ನೇಯ್ಗೆಯಲ್ಲಿ ಒಂದು ಮೇಲೆ, ಒಂದು ಕೆಳಗೆ. ಪ್ರತಿ ಹಾಸು ಎಳೆಯ ಪಕ್ಕದಲ್ಲೂ ಹೊಕ್ಕು ಒಮ್ಮೆ ದಾಟುತ್ತದೆ. ಒಂದು ಎಳೆಗೆ ಎರಡು ಎಳೆಯ ಜಾಗ ಬೇಕು, ಹಾಗಾಗಿ 22.

ಎರಡು ಮೇಲೆ, ಎರಡು ಕೆಳಗೆ ಹೋಗುವ ಟ್ವಿಲ್ ನೇಯ್ಗೆಯಲ್ಲಿ ನಾಲ್ಕು ಎಳೆಗೆ ಎರಡೇ ದಾಟು. ನಾಲ್ಕು ಎಳೆಗೆ ಆರರ ಜಾಗ ಸಾಕು. 44ರ ಮೂರರಲ್ಲಿ ಎರಡು ಪಾಲು, ಅಂದರೆ 29. ಅದೇ ನೂಲು, ಅದೇ ಮಗ್ಗ, ಇಂಚಿಗೆ ಏಳು ಎಳೆ ಹೆಚ್ಚು. ಜೀನ್ಸ್ ಪ್ಯಾಂಟಿನ ಬಟ್ಟೆಯ ಮೇಲೆ ಕಾಣುವ ಓರೆ ಗೆರೆ ಇಂಥ ನೇಯ್ಗೆಯದೇ ಗುರುತು. ಎಳೆಗಳು ಕಡಿಮೆ ಬಾರಿ ಸಿಕ್ಕಿಕೊಂಡಿರುವುದರಿಂದ ಬಟ್ಟೆ ಎಲ್ಲಾದರೂ ಹರಿಯತೊಡಗಿದಾಗ ಅಕ್ಕಪಕ್ಕದ ಎಳೆಗಳು ಜಾರಿ ಒಟ್ಟುಗೂಡಿ ಬಲವನ್ನು ಹಂಚಿಕೊಳ್ಳುತ್ತವೆ. ಸಾದಾ ನೇಯ್ಗೆಯಲ್ಲಿ ಒಂದೊಂದೇ ಎಳೆ ಸರದಿಯಲ್ಲಿ ಹರಿಯುತ್ತದೆ. ಹಿಗ್ಗಿ ತಪ್ಪಿಸಿಕೊಳ್ಳಲಾಗದ ನಾರಿಗೆ ಜಾರಿ ತಪ್ಪಿಸಿಕೊಳ್ಳುವ ಈ ದಾರಿ ಬಹಳ ಮುಖ್ಯ. ಹಾಗಾಗಿ ಚೀಲಕ್ಕೆ ನನ್ನ ಆಯ್ಕೆ ಟ್ವಿಲ್. ಓರೆ ಗೆರೆಯ ದಿಕ್ಕನ್ನು ಆಗಾಗ ತಿರುಗಿಸಿದರೆ ಮೀನಿನ ಮುಳ್ಳಿನಂಥ ವಿನ್ಯಾಸ ಮೂಡುತ್ತದೆ. ಬಣ್ಣ ಹಾಕದ ಬೂದುಗಂದು ನೂಲಿನ ಮೇಲೆ ಅದು ಬೆಳಕಿಗೆ ಹೊಳೆಯುವ ಚೆಂದಕ್ಕೆ ಬೇರೆ ಅಲಂಕಾರ ಬೇಡ.

ಈಗ ಚೀಲದ ಅಳತೆ. 15 ಇಂಚು ಅಗಲ, 15 ಇಂಚು ಎತ್ತರ, 4 ಇಂಚಿನ ಚಪ್ಪಟೆ ತಳ. ಹೊಲಿಗೆಯ ಅಂಚು ಸೇರಿ ಬಟ್ಟೆ 20 ಇಂಚು ಅಗಲ, ಬಾಯಿಯ ಮಡಿಕೆ ಸೇರಿ 38 ಇಂಚು ಉದ್ದ ಬೇಕು. ಹಿಡಿಕೆಗಳಿಗೆ ಇನ್ನೊಂದು 26 ಇಂಚು. ಒಗೆದ ಮೇಲೆ ಬಟ್ಟೆ ನೂರಕ್ಕೆ ಹತ್ತು-ಹನ್ನೆರಡು ಪಾಲು ಕುಗ್ಗುವುದರಿಂದ ಮಗ್ಗದಲ್ಲಿ ಅಗಲ 22.5 ಇಂಚು ಇರಲಿ. ಲೆಕ್ಕದ 29ಕ್ಕಿಂತ ಒಂದು ಕಡಿಮೆ ಮಾಡಿ, ಇಂಚಿಗೆ 28ರಂತೆ 630 ಹಾಸು ಎಳೆ. ಮಗ್ಗಕ್ಕೆ ಕಟ್ಟುವ, ಕೊನೆಯಲ್ಲಿ ನೇಯಲಾಗದೆ ಉಳಿಯುವ ಭಾಗವನ್ನೂ ಸೇರಿಸಿ ಎರಡೂವರೆ ಮೀಟರ್ ಹಾಸು. ಹೊಕ್ಕೂ ಸೇರಿ ಅರ್ಧ ಕಿಲೋಗಿಂತ ತುಸು ಹೆಚ್ಚು ನೂಲು.

ಆ 630 ಎಳೆಗಳನ್ನು ಒಂದೇ ಬಿಗಿಯಲ್ಲಿ ಸುತ್ತುವುದೇ ನಿಜವಾದ ಪರೀಕ್ಷೆ. ಉಣ್ಣೆ ಅಥವಾ ಹತ್ತಿಯ ಹಾಸಿನಲ್ಲಿ ನಾಲ್ಕು ಎಳೆ ತುಸು ಸಡಿಲವಿದ್ದರೆ ಬಿಗಿಯಿದ್ದವು ಹಿಗ್ಗಿ ಸರಿಹೊಂದಿಕೊಳ್ಳುತ್ತವೆ. ಲಿನಿನ್‌ನಲ್ಲಿ ಬಿಗಿ ಎಳೆ ಬಿಗಿಯಾಗಿಯೇ ಇರುತ್ತದೆ, ಭಾರವೆಲ್ಲ ಅದರ ಮೇಲೆ. ಸಡಿಲ ಎಳೆ ಜೋತುಬಿದ್ದು ಲಾಳಿಗೆ ಅಡ್ಡ ಬರುತ್ತದೆ. ಸುತ್ತುವಾಗ ಪದರಗಳ ನಡುವೆ ಗಟ್ಟಿ ಕಾಗದ ಇಟ್ಟು, ಹಾಸಿನ ಅಗಲಕ್ಕೂ ಒಂದೇ ತೂಕ ಜಗ್ಗುವಂತೆ ನೋಡಿಕೊಳ್ಳುವುದರಲ್ಲಿ ಅವಸರ ಮಾಡಿದರೆ ಆ ಬಟ್ಟೆ ಮುಗಿಯುವವರೆಗೂ ಬಿಡದೆ ಪೀಡಿಸುತ್ತದೆ. ಹೊಕ್ಕನ್ನೂ ನೆಟ್ಟಗೆ ಎಳೆಯದೆ, ಓರೆಯಾಗಿ ಬಿಟ್ಟು ಆಮೇಲೆ ಹಣಿಗೆಯಿಂದ ಬಡಿಯಬೇಕು. ಬಟ್ಟೆಯೊಳಗೆ ಹೊಕ್ಕು ಅಲೆಯಲೆಯಾಗಿ ಸಾಗುವುದರಿಂದ ಅದಕ್ಕೆ ಹೆಚ್ಚು ಉದ್ದ ಬೇಕು. ಆ ಉದ್ದವನ್ನು ಮೊದಲೇ ಕೊಡದಿದ್ದರೆ ಅಂಚು ಒಳಕ್ಕೆ ಸೆಳೆದು, ಅಂಚಿನ ಎಳೆಗಳು ಹಣಿಗೆಗೆ ಉಜ್ಜಿ ತುಂಡಾಗುತ್ತವೆ.

ನೀರು ಇಲ್ಲಿ ನೇಕಾರರ ಪಾಲಿನ ದೊಡ್ಡ ನೆರವು. ಹಲವು ನಾರುಗಳು ಒದ್ದೆಯಾದರೆ ದುರ್ಬಲವಾಗುತ್ತವೆ. ಉಣ್ಣೆ, ರೇಷ್ಮೆ ಹಾಗೆ. ಲಿನಿನ್ ಒದ್ದೆಯಾದಾಗ ನೂರಕ್ಕೆ ಇಪ್ಪತ್ತರಷ್ಟು ಹೆಚ್ಚು ಗಟ್ಟಿ. ನಾರು ನೀರು ಕುಡಿದು ಉಬ್ಬಿ ನೂಲಿನೊಳಗೆ ಒಂದನ್ನೊಂದು ಬಿಗಿಯಾಗಿ ಒತ್ತುತ್ತದೆ, ಮೊಂಡುತನವೂ ಸ್ವಲ್ಪ ಸಡಿಲುತ್ತದೆ. ಫ್ರಾನ್ಸಿನ ಶೋಲೆ ಪ್ರದೇಶದ ನೇಕಾರರು ತೇವವಿರುವ ನೆಲಮಾಳಿಗೆಯಲ್ಲಿ ಮಗ್ಗ ಹೂಡಿದ್ದು ಇದಕ್ಕೇ. ನಮ್ಮ ಕುಣಿ ಮಗ್ಗದಲ್ಲಿ ಹಾಸು ನೆಲದ ಮಟ್ಟಕ್ಕೆ ಹತ್ತಿರವಿರುವುದರಿಂದ ಮಣ್ಣಿನ ತಂಪು ನೂಲಿಗೆ ತಗಲುವ ಅನುಕೂಲ ಇಳಕಲ್, ಗುಳೇದಗುಡ್ಡದವರಿಗೆ ಹೊಸತಲ್ಲ. ಮನೆಯ ಮಗ್ಗದಲ್ಲಿ ಹೊಕ್ಕಿನ ಕಂಡಿಕೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಸಾಕು. ಒದ್ದೆ ಹೊಕ್ಕು ಮೆತ್ತಗೆ ಕೂರುತ್ತದೆ, ಒತ್ತಾಗಿ ಬಡಿಯಬಹುದು. ಹಾಸಿನ ಎಳೆಗಳ ಮೇಲೆ ಏಳುವ ನವಿರಿಗೆ ಲಿನಿನ್ ನೇಕಾರರ ಹಳೆಯ ಮದ್ದು ಅಗಸೆ ಬೀಜ ಕುದಿಸಿದ ಲೋಳೆ. ನಮ್ಮವರು ಹತ್ತಿಯ ಹಾಸಿಗೆ ಗಂಜಿ ಕೊಡುವುದೂ ಇದೇ ಉದ್ದೇಶಕ್ಕೆ. ಕಾಂಡದ ನಾರಿಗೆ ಅದೇ ಗಿಡದ ಬೀಜ ಕಾವಲಾಗುವ ಈ ಸಂಗತಿ ತಿಳಿದಾಗ ನನಗಾದ ಸಂತೋಷ ಇನ್ನೂ ಹಾಗೆಯೇ ಇದೆ.

ಮಗ್ಗದಿಂದ ಇಳಿದ ಲಿನಿನ್ ಗಡುಸಾಗಿ, ಎಳೆಗಳ ನಡುವೆ ಬೆಳಕು ಕಾಣುವಂತೆ ಇರುತ್ತದೆ. ಅದನ್ನು ಹಾಗೆಯೇ ಕತ್ತರಿಸಬಾರದು. ಬಿಸಿನೀರು, ಸಾಬೂನಿನಲ್ಲಿ ಒಗೆದಾಗ ಪ್ರತಿ ಎಳೆಯೂ ಉಬ್ಬುತ್ತದೆ. ಉಬ್ಬಿದ ಎಳೆಯನ್ನು ಸುತ್ತಿ ದಾಟಲು ಎದುರಿನ ಎಳೆಗೆ ಹೆಚ್ಚು ದೂರ ಬೇಕು. ಅದು ಹಿಗ್ಗಲಾರದು, ಹಾಗಾಗಿ ಬಟ್ಟೆಯೇ ಕುಗ್ಗುತ್ತದೆ. ಹೊಲಿಯುವ ಮೊದಲೇ ಈ ಕುಗ್ಗುವಿಕೆ ಮುಗಿದಿರಬೇಕು. ಇನ್ನೂ ತೇವವಿರುವಾಗ ಬಿಸಿ ಇಸ್ತ್ರಿಯನ್ನು ಒತ್ತಿ ಉಜ್ಜಿದರೆ ಎಳೆಗಳು ಚಪ್ಪಟೆಯಾಗಿ ಹೊಳಪು ಬರುತ್ತದೆ. ಉತ್ತರ ಐರ್ಲೆಂಡಿನ ಅಪ್ಪರ್‌ಲ್ಯಾಂಡ್ಸ್‌ನಲ್ಲಿ ಸಾಲು ಮರದ ಕೊರಡುಗಳು ಗಂಟೆಗಟ್ಟಲೆ ಲಿನಿನ್ ಬಟ್ಟೆಯನ್ನು ಕುಟ್ಟಿ ಇದೇ ಹೊಳಪು ತರಿಸುತ್ತಿದ್ದವು.

ಹೊಲಿಗೆಗೆ ಬಂದಾಗ ಲೆಕ್ಕ ಬೇರೆ. ಐದು ಕಿಲೋ ಸಾಮಾನು ಎರಡು ಹಿಡಿಕೆಯ ನಾಲ್ಕು ತುದಿಗೆ ಹಂಚಿದರೆ ಒಂದಕ್ಕೆ ಒಂದೂಕಾಲು ಕಿಲೋ. ನಡೆಯುವಾಗಿನ ಕುಲುಕಾಟಕ್ಕೆ ಅದು ಇನ್ನಷ್ಟು ಏರುತ್ತದೆ. ನಾಲ್ಕು ಇಂಚಿನ ಪಟ್ಟಿಯನ್ನು ನಾಲ್ಕು ಪದರ ಮಡಿಸಿದ ಹಿಡಿಕೆಯಲ್ಲಿ ಸುಮಾರು 120 ಎಳೆಗಳಿರುತ್ತವೆ. ಅವು ಹರಿಯುವ ಭಯವಿಲ್ಲ. ಸೋಲುವುದು ಹೊಲಿಗೆ. ಲಿನಿನ್ ಎಳೆ ನುಣುಪು, ಹತ್ತಿಯಷ್ಟು ರೋಮವಿಲ್ಲ, ಹೊಲಿಗೆಯ ಪಕ್ಕದಿಂದ ಸುಲಭವಾಗಿ ಜಾರಿ ಹೊರಬರುತ್ತದೆ. ಬಟ್ಟೆಯನ್ನು ಒತ್ತಾಗಿ ನೇಯ್ದಿದ್ದು ಇಲ್ಲಿ ಕೈಹಿಡಿಯುತ್ತದೆ. ಕತ್ತರಿಸಿದ ಅಂಚನ್ನು ಮಡಿಸಿ ಎರಡು ಸಾಲು ಹೊಲಿಯುವುದೂ ಬೇಕು. ಹಿಡಿಕೆಯ ಬುಡದಲ್ಲಿ ಒಂದು ಸಾಲಿನ ಹೊಲಿಗೆಯಿದ್ದರೆ ಭಾರವೆಲ್ಲ ಅದರ ತುದಿಯ ಒಂದೆರಡು ಹೊಲಿಗೆಗೆ ಬೀಳುತ್ತದೆ. ಚೌಕ ಹಾಕಿ, ಒಳಗೆ ಮೂಲೆಯಿಂದ ಮೂಲೆಗೆ ಗುಣಿಸುವ ಚಿಹ್ನೆಯಂತೆ ಹೊಲಿದರೆ ಅದು ಹತ್ತಾರು ಎಳೆಗೆ ಹರಡುತ್ತದೆ.

ಹಿಡಿಕೆಯನ್ನು ಹಾಸಿನ ಉದ್ದಕ್ಕೇ ಕತ್ತರಿಸಬೇಕು, ಎಂದಿಗೂ ಓರೆಯಾಗಿ ಅಲ್ಲ. ಓರೆಗೆ ಎಳೆದರೆ ಲಿನಿನ್ ಬಟ್ಟೆಯೂ ಚೆನ್ನಾಗಿ ಜಗ್ಗುತ್ತದೆ. ಆಗ ನಾರು ಹಿಗ್ಗಿರುವುದಿಲ್ಲ. ಹಾಸು ಹೊಕ್ಕಿನ ನಡುವಿನ ಕೋನ ಬದಲಾಗಿ ಚೌಕಗಳೆಲ್ಲ ಓರೆಯಾಗಿರುತ್ತವೆ. 1937ರಲ್ಲಿ ಮ್ಯಾಂಚೆಸ್ಟರಿನ ಶರ್ಲಿ ಇನ್‌ಸ್ಟಿಟ್ಯೂಟಿನ ಎಫ್. ಟಿ. ಪಿಯರ್ಸ್ ಬಟ್ಟೆಯ ಜ್ಯಾಮಿತಿಯ ಬಗ್ಗೆ ಬರೆದ ಪ್ರಬಂಧದ ನಂತರ ಬಟ್ಟೆಯ ಇಂಥ ವರ್ತನೆಗಳನ್ನು ಗಣಿತದಲ್ಲಿ ಹಿಡಿಯುವ ಕೆಲಸಕ್ಕೆ ಗಟ್ಟಿ ತಳಪಾಯ ಸಿಕ್ಕಿತು.

ಲಿನಿನ್ ಎಷ್ಟು ಕಾಲ ಬಾಳೀತು ಎಂಬುದಕ್ಕೆ ಈಜಿಪ್ಟಿನ ತರ್ಖಾನ್‌ನಲ್ಲಿ ಸಿಕ್ಕ ಉಡುಪು ಸಾಕ್ಷಿ. ಕ್ರಿ.ಪೂ. 3482 ಮತ್ತು 3102ರ ನಡುವಿನದೆಂದು ರೇಡಿಯೊ ಕಾರ್ಬನ್ ಪರೀಕ್ಷೆ ಹೇಳಿದ ಆ ಲಿನಿನ್ ಅಂಗಿ ಲಂಡನ್ನಿನ ಪೆಟ್ರಿ ಮ್ಯೂಸಿಯಂನಲ್ಲಿದೆ; ತೋಳಿನ ನೆರಿಗೆಗಳು ಇವತ್ತಿಗೂ ಕಾಣುತ್ತವೆ. ಅದು ಒಣ ಮರಳಿನಲ್ಲಿ ಅಲುಗಾಡದೆ ಮಲಗಿತ್ತು. ನಿತ್ಯ ಬಳಸುವ ಚೀಲ ಸವೆಯುವುದು ಮಡಿಕೆಯಲ್ಲಿ. ಚೀಲವನ್ನು ದಿನವೂ ಒಂದೇ ಗೆರೆಯಲ್ಲಿ ಗಟ್ಟಿಯಾಗಿ ಮಡಿಸಿಟ್ಟರೆ ಆ ಗೆರೆಯಲ್ಲಿ ನಾರು ಒಂದೊಂದಾಗಿ ಮುರಿಯುತ್ತದೆ. ಆದ್ದರಿಂದ ಅದನ್ನು ಮಡಿಸದೆ ಗೂಟಕ್ಕೆ ತೂಗುಹಾಕುವುದು ಒಳ್ಳೆಯದು. ಮಡಿಸಲೇಬೇಕಾದರೆ ಪ್ರತಿ ಸಲ ಬೇರೆ ಜಾಗದಲ್ಲಿ. ಮೊದಲು ತೆಳ್ಳಗಾಗುವುದು ತಳದ ನಾಲ್ಕು ಮೂಲೆಗಳು. ನೇಯ್ಗೆ ಮುಗಿದ ಮೇಲೆ ಮಗ್ಗದಲ್ಲಿ ಉಳಿದ ಹಾಸಿನ ತುಂಡುಗಳನ್ನು ಎಸೆಯದೆ ಇಟ್ಟುಕೊಂಡಿದ್ದರೆ, ಆ ಮೂಲೆಗಳನ್ನು ರಫೂ ಮಾಡಲು ಅದೇ ದಪ್ಪದ, ಅದೇ ಬಣ್ಣದ ನೂಲು ಕೈಗೆ ಸಿಗುತ್ತದೆ.